ಶಿರಸ್ತ್ರಾಣದೊಳಗಿನ ಧ್ವನಿ: ಕಿವಿಗೆಷ್ಟು ಹಿತ, ದಾರಿಗೆಷ್ಟು ಹಿತ?

ಶರಣರು ಇಂದ್ರಿಯಗಳನ್ನು ಹಗೆಗಳೆಂದು ಬಗೆಯಲಿಲ್ಲ. ಅವುಗಳನ್ನು ದಂಡಿಸಿ ಒಣಗಿಸುವುದಕ್ಕಿಂತ ಲಿಂಗಾರ್ಪಿತವಾಗಿಸಿ ಬಳಸುವುದೇ ಮೇಲೆಂದು ಅವರು ತಿಳಿದಿದ್ದರು. ಷಟ್‌ಸ್ಥಲ ಸಿದ್ಧಾಂತವು ಒಂದೊಂದು ಇಂದ್ರಿಯಕ್ಕೂ ಒಂದೊಂದು ಲಿಂಗದ ನೆಲೆಯನ್ನು ಹೇಳುವಾಗ ಕಿವಿಯನ್ನು ಪ್ರಸಾದಲಿಂಗದ ತಾಣವೆಂದು ಗುರುತಿಸುತ್ತದೆ. ಶಬ್ದವೇ ಅಲ್ಲಿ ಅರ್ಪಿಸುವ ಪದಾರ್ಥ. ದೀಕ್ಷೆಯ ಸಮಯದಲ್ಲಿ ಶ್ರೀಗುರುವು ಮಂತ್ರವನ್ನು ಉಪದೇಶಿಸುವುದೂ ಕಿವಿಯಲ್ಲಿಯೇ. ಹೀಗೆ ಗುರುಕಾರುಣ್ಯವು ಒಳಹೊಕ್ಕ ಬಾಗಿಲನ್ನು ಕಾಪಾಡಿಕೊಳ್ಳುವುದು ವೈದ್ಯರು ಹೇಳುವ ಎಚ್ಚರಿಕೆ ಮಾತ್ರವಲ್ಲ, ಭಕ್ತನ ಕರ್ತವ್ಯವೂ ಹೌದು.

ಇಂದು ಈ ಬಾಗಿಲಿಗೆ ಹೊಸದೊಂದು ಸಾಧನ ಬಂದು ನಿಂತಿದೆ. ದ್ವಿಚಕ್ರ ವಾಹನ ಸವಾರರು ತಮ್ಮ ಶಿರಸ್ತ್ರಾಣದೊಳಗೆ, ಅಂದರೆ ಹೆಲ್ಮೆಟ್ಟಿನೊಳಗೆ, ಅಳವಡಿಸಿಕೊಳ್ಳುವ ಹೆಡ್‌ಸೆಟ್ಟೇ ಅದು. ಜಾತ್ರೆಗೆ, ಶಿವಾನುಭವ ಗೋಷ್ಠಿಗೆ, ಕೂಡಲಸಂಗಮ ಬಸವಕಲ್ಯಾಣಗಳ ದರ್ಶನಕ್ಕೆ ಬೈಕಿನಲ್ಲಿ ಹೊರಡುವ ಯುವ ಭಕ್ತರಲ್ಲಿ ಹಲವರು ಇದನ್ನು ಬಳಸುತ್ತಿದ್ದಾರೆ. ನಗರಗಳಲ್ಲಿ ಊಟ, ಔಷಧ, ಸರಕುಗಳನ್ನು ಮನೆಮನೆಗೆ ತಲುಪಿಸುವ ಕಾಯಕದವರಿಗಂತೂ ದಾರಿ ತೋರುವ ಧ್ವನಿಯಿಲ್ಲದೆ ದಿನ ಸಾಗದು. ಆದುದರಿಂದ ಈ ಸಾಧನವನ್ನು ಬೇಡವೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಉಚಿತವಲ್ಲ. ಅದರಲ್ಲಿ ಯಾವುದು ಹಿತ, ಯಾವುದು ಅಹಿತ ಎಂಬುದನ್ನು ಬೇರ್ಪಡಿಸಿ ತಿಳಿಯುವುದು ಅಗತ್ಯ.

ಸಾಧನದ ಪರಿಚಯ

ಈ ಹೆಡ್‌ಸೆಟ್ಟಿನಲ್ಲಿ ಮುಖ್ಯವಾಗಿ ಮೂರು ಭಾಗಗಳಿರುತ್ತವೆ: ಕಿವಿಗಳ ನೇರಕ್ಕೆ ಕೂರುವ ಎರಡು ತೆಳುವಾದ ಧ್ವನಿವರ್ಧಕಗಳು, ಬಾಯಿಯ ಬಳಿ ಬರುವ ಒಂದು ಚಿಕ್ಕ ಮೈಕು, ಮತ್ತು ಹೆಲ್ಮೆಟ್ಟಿನ ಹೊರಬದಿಗೆ ಅಂಟಿಕೊಂಡಿರುವ ಬ್ಯಾಟರಿಸಹಿತವಾದ ನಿಯಂತ್ರಕ. ಇದು ಬ್ಲೂಟೂತ್ ಎಂಬ ಅಲ್ಪಶಕ್ತಿಯ ರೇಡಿಯೋ ಸಂಪರ್ಕದ ಮೂಲಕ ಮೊಬೈಲಿನೊಡನೆ ಕೂಡಿಕೊಳ್ಳುತ್ತದೆ.

ಹೆಚ್ಚಿನವರಿಗೆ ಇಂದು ಸಂಗೀತವೂ ದಾರಿಸೂಚನೆಯೂ ಒಂದೇ ಮೊಬೈಲಿನಿಂದ ಬರುತ್ತವೆ. ಆಗ ತೊಡಕು ಕಡಿಮೆ. ದಾರಿ ಹೇಳುವ ಧ್ವನಿ ಬಂದಾಗ ಮೊಬೈಲೇ ಹಾಡಿನ ಸದ್ದನ್ನು ತಗ್ಗಿಸುತ್ತದೆ. ಕೆಲವರು ಬೈಕಿನ ಹಿಡಿಕೆಗೆ ಪ್ರತ್ಯೇಕವಾದ ದಾರಿಸೂಚಕ ಯಂತ್ರವನ್ನು ಜೋಡಿಸಿ, ಸಂಗೀತಕ್ಕೆ ಬೇರೊಂದು ಸಾಧನವನ್ನು ಇಟ್ಟುಕೊಳ್ಳುತ್ತಾರೆ. ಇಂಥ ಕಡೆ ಎರಡು ಮೂಲಗಳು ಒಂದೇ ಹೆಡ್‌ಸೆಟ್ಟಿಗೆ ಬರುವುದರಿಂದ, ಯಾವ ಧ್ವನಿಗೆ ಮೊದಲ ಸ್ಥಾನ ಎಂಬುದನ್ನು ಮುಂಚಿತವಾಗಿಯೇ ಹೊಂದಿಸಿರಬೇಕು. ಇಲ್ಲವಾದರೆ ತಿರುವು ಹೇಳುವ ಮಾತು ಹಾಡಿನಡಿಯಲ್ಲಿ ಹೂತುಹೋಗುತ್ತದೆ, ಅಥವಾ ಸಂಪರ್ಕವೇ ಕಡಿದುಹೋಗುತ್ತದೆ. ಆಗ ಸವಾರ ಮಾಡುವುದೇನು? ಚಲಿಸುತ್ತಿರುವಾಗಲೇ ಗುಂಡಿಗಳನ್ನು ತಡಕಲು ಒಂದು ಕೈಯನ್ನು ಹಿಡಿಕೆಯಿಂದ ತೆಗೆಯುತ್ತಾನೆ. ಅಪಾಯ ಮೊದಲಾಗುವುದು ಅಲ್ಲಿ.

ಇವೆಲ್ಲಕ್ಕಿಂತ ಕೆಟ್ಟದ್ದು ನಮ್ಮ ರಸ್ತೆಗಳಲ್ಲಿ ನಿತ್ಯವೂ ಕಾಣುವ ಒಂದು ರೂಢಿ: ಮೊಬೈಲನ್ನೇ ಹೆಲ್ಮೆಟ್ಟಿನೊಳಗೆ ಕೆನ್ನೆಗೂ ಕಿವಿಗೂ ಒತ್ತುವಂತೆ ತುರುಕಿಕೊಂಡು ಸಾಗುವುದು. ಇದರಿಂದ ಹೆಲ್ಮೆಟ್ಟು ತಲೆಗೆ ಸರಿಯಾಗಿ ಕೂರುವುದಿಲ್ಲ. ಬಿದ್ದರೆ ಆ ಗಟ್ಟಿ ವಸ್ತುವೇ ಕಪೋಲದ ಎಲುಬಿಗೆ ಪೆಟ್ಟು ಕೊಡುತ್ತದೆ. ತಲೆಯನ್ನು ಕಾಯಲು ಧರಿಸಿದ ಕವಚದೊಳಗೆ ನಾವೇ ಕಲ್ಲನ್ನು ಇಟ್ಟುಕೊಂಡಂತೆ.

ಗಾಳಿಯ ಸದ್ದೇ ದೊಡ್ಡದು

ಹೆಲ್ಮೆಟ್ಟು ಧರಿಸಿದರೆ ಹೊರಗಿನ ಸದ್ದು ಕಡಿಮೆಯಾಗುತ್ತದೆಯೆಂಬುದು ಸಾಮಾನ್ಯ ನಂಬಿಕೆ. ನಿಂತಿರುವಾಗ ಅದು ಕೊಂಚ ನಿಜ. ವಾಹನ ವೇಗ ಪಡೆದಾಗ ಸ್ಥಿತಿ ಬೇರೆಯಾಗುತ್ತದೆ. ಹೆಲ್ಮೆಟ್ಟಿನ ಅಂಚಿಗೆ, ಗದ್ದದ ಕೆಳಗೆ, ಮುಖಗಾಜಿನ ಸಂದಿಗೆ ಗಾಳಿ ಬಡಿದು ಸುಳಿಸುಳಿಯಾಗಿ ಒಡೆಯುತ್ತದೆ. ಆ ಸುಳಿಗಳ ಮೊರೆತ ಕಿವಿಯ ಪಕ್ಕದಲ್ಲಿಯೇ ಹುಟ್ಟುತ್ತದೆ. ಬೈಕ್ ಸವಾರರ ಕಿವಿಯ ಬಳಿ ಮಾಡಿದ ಅಳತೆಗಳಲ್ಲಿ, ಗಂಟೆಗೆ 60 ಕಿಲೋಮೀಟರ್ ವೇಗಕ್ಕೆ ಸುಮಾರು 90 ಡೆಸಿಬೆಲ್ ಸದ್ದು ಕಂಡುಬಂದಿದೆ. ವೇಗ ಏರಿದಂತೆ ಅದೂ ಏರುತ್ತ, 160 ಕಿಲೋಮೀಟರಿಗೆ 110 ಡೆಸಿಬೆಲ್ಲಿನವರೆಗೆ ಹೋಗುತ್ತದೆ.

ಈ ಅಂಕಿಗಳ ಅರ್ಥವೇನೆಂದು ತಿಳಿಯಲು ಒಂದು ಲೆಕ್ಕವನ್ನು ನೆನಪಿಡಬೇಕು. ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ರಾಷ್ಟ್ರೀಯ ಸಂಸ್ಥೆಯು ಕಾರ್ಮಿಕರಿಗೆ ಸೂಚಿಸಿರುವ ಮಿತಿ 85 ಡೆಸಿಬೆಲ್, ಅದೂ ದಿನಕ್ಕೆ 8 ಗಂಟೆ. ಅಲ್ಲಿಂದ ಮುಂದೆ ಪ್ರತಿ 3 ಡೆಸಿಬೆಲ್ ಏರಿಕೆಗೆ ಕಾಲಾವಧಿ ಅರ್ಧಕ್ಕರ್ಧ ಇಳಿಯುತ್ತದೆ: 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ, 94ಕ್ಕೆ 1 ಗಂಟೆ, 97ಕ್ಕೆ ಅರ್ಧ ಗಂಟೆ, 100ಕ್ಕೆ ಕೇವಲ 15 ನಿಮಿಷ. ಬೆಂಗಳೂರಿನಿಂದ ಚಿತ್ರದುರ್ಗಕ್ಕೆ ಹೆದ್ದಾರಿಯಲ್ಲಿ ಸುಮಾರು 200 ಕಿಲೋಮೀಟರ್. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಸಾಗಿದರೂ ಎರಡೂವರೆ ಗಂಟೆಯ ಸವಾರಿ. ಒಂದೂ ಹಾಡನ್ನು ಕೇಳದೆ ಹೋದರೂ ಗಾಳಿಯ ಮೊರೆತದಿಂದಲೇ ಕಿವಿಯ ಆ ದಿನದ ಪಾಲು ದಾರಿಯ ಮಧ್ಯದಲ್ಲಿಯೇ ಮುಗಿದಿರುತ್ತದೆ.

ಇದರ ಮೇಲೆ ಸಂಗೀತ ಸೇರಿತೆನ್ನೋಣ. ಮನೆಯಲ್ಲಿ ಮೆಲುದನಿಯಲ್ಲಿ ಇಂಪಾಗಿ ಕೇಳಿದ ಹಾಡು ಹೆದ್ದಾರಿಯಲ್ಲಿ ಕೇಳಿಸದು. ಅದು ಕೇಳಿಸಬೇಕಾದರೆ ಗಾಳಿಯ ಸದ್ದನ್ನು ಮೀರಬೇಕು. ಸವಾರ ಒಂದು ಮೆಟ್ಟಿಲು ಏರಿಸುತ್ತಾನೆ, ವೇಗ ಹೆಚ್ಚಿದಾಗ ಇನ್ನೊಂದು ಏರಿಸುತ್ತಾನೆ. ಊರು ತಲುಪಿ ವಾಹನ ನಿಲ್ಲಿಸಿದಾಗ ಅದೇ ಹಾಡು ಕಿವಿಯಲ್ಲಿ ಅರಚಿದಂತಾಗಿ, ಇಷ್ಟು ಹೊತ್ತು ಇಷ್ಟು ಜೋರಾಗಿ ಕೇಳುತ್ತಿದ್ದೆನೇ ಎಂದು ತಾನೇ ಬೆರಗಾಗುತ್ತಾನೆ. ಹೆಡ್‌ಸೆಟ್ಟಿನ ದೋಷವೆಲ್ಲವೂ ಈ ಪೈಪೋಟಿಯಲ್ಲಿ ಅಡಗಿದೆ. ಗದ್ದಲವನ್ನು ಗದ್ದಲದಿಂದ ಗೆಲ್ಲಲು ಹೊರಟಾಗ ಸೋಲುವುದು ಕಿವಿಯೇ.

ಮತ್ತೆ ಚಿಗುರದ ಎಳೆಗಳು

ನಮ್ಮ ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿಗೊಂಡ ಒಂದು ಅಂಗವಿದೆ. ಅದರಲ್ಲಿ ಸುಮಾರು 15 ಸಾವಿರ ಸೂಕ್ಷ್ಮ ರೋಮಕೋಶಗಳಿರುತ್ತವೆ. ಧ್ವನಿಯ ಕಂಪನವನ್ನು ನರಸಂದೇಶವಾಗಿಸಿ ಮಿದುಳಿಗೆ ಒಪ್ಪಿಸುವುದು ಇವುಗಳ ಕಾಯಕ. ಚರ್ಮ ಗಾಯಗೊಂಡರೆ ಮಾಯುತ್ತದೆ, ಎಲುಬು ಮುರಿದರೆ ಕೂಡುತ್ತದೆ. ಆದರೆ ಮನುಷ್ಯನಲ್ಲಿ ನಾಶವಾದ ರೋಮಕೋಶ ಮತ್ತೆ ಹುಟ್ಟುವುದಿಲ್ಲ. ಹುಟ್ಟುವಾಗ ತಂದ ಬುತ್ತಿಯಲ್ಲಿಯೇ ಬಾಳಿನ ಕೊನೆಯವರೆಗೂ ಸಾಗಬೇಕು.

ಅತಿಯಾದ ಸದ್ದಿನಿಂದ ಬರುವ ಕಿವುಡು ನೋವಿಲ್ಲದೆ, ಸದ್ದಿಲ್ಲದೆ ಬರುತ್ತದೆ. ಮೊದಲು ಕುಂದುವುದು ಸುಮಾರು 4,000 ಹರ್ಟ್ಸ್ ಆಸುಪಾಸಿನ ಎತ್ತರದ ಸ್ವರಗಳನ್ನು ಗ್ರಹಿಸುವ ಶಕ್ತಿ. ಮಾತು ಕೇಳಿಸುತ್ತದೆ, ಆದರೆ ಸ್ಪಷ್ಟವಾಗುವುದಿಲ್ಲ. ಸಕಾರ, ಶಕಾರ, ತಕಾರಗಳು ಒಂದರೊಳಗೊಂದು ಕಲಸಿಹೋಗುತ್ತವೆ. ಸಭೆಯಲ್ಲಿ ನಾಲ್ಕು ಜನ ಮಾತನಾಡುವಾಗ ಹಿಂಬಾಲಿಸುವುದು ಕಷ್ಟವಾಗುತ್ತದೆ. ಸವಾರಿ ಮುಗಿದ ಮೇಲೆ ಕಿವಿಯಲ್ಲಿ ಗುಂಯ್ ಎಂಬ ಮೊರೆತ ಉಳಿದರೆ, ಅಥವಾ ಹತ್ತಿ ತುರುಕಿದಂತೆ ಮಂದವೆನಿಸಿದರೆ, ಅದು ದೇಹವು ಕೊಡುತ್ತಿರುವ ಮೊದಲ ಎಚ್ಚರಿಕೆ. ರಾತ್ರಿ ಮಲಗಿ ಎದ್ದಾಗ ಅದು ಮಾಯವಾಗಿದ್ದರೂ ಹಾನಿಯೇ ಆಗಿಲ್ಲವೆಂದು ಹೇಳಲಾಗದು.

ಅಸುರಕ್ಷಿತವಾಗಿ ಆಲಿಸುವ ರೂಢಿಯಿಂದ ಜಗತ್ತಿನಲ್ಲಿ 100 ಕೋಟಿಗೂ ಹೆಚ್ಚು ಯುವಜನರು ಶ್ರವಣಹಾನಿಯ ಅಪಾಯದಲ್ಲಿದ್ದಾರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ವಯಸ್ಕರಿಗೆ ಅದು ಸೂಚಿಸುವ ಆಲಿಕೆಯ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬೆಲ್. ಮಕ್ಕಳಿಗೆ ಅದೇ ಅವಧಿಗೆ 75 ಡೆಸಿಬೆಲ್. ಹೆದ್ದಾರಿಯ ಗಾಳಿಯನ್ನು ಮೀರಿ ಕೇಳುವ ಹಾಡು ಈ ಮಿತಿಯೊಳಗೆ ಇರಲು ಸಾಧ್ಯವೇ ಇಲ್ಲ.

ಕಣ್ಣು ನೋಡಿಯೂ ಕಾಣದಿರುವಾಗ

ಕಿವಿಯ ಹಾನಿ ವರ್ಷಗಳಲ್ಲಿ ಆಗುವಂಥದು. ಗಮನ ತಪ್ಪಿದರೆ ಆಗುವ ಹಾನಿ ಕ್ಷಣದ್ದು. ಗಂಟೆಗೆ 60 ಕಿಲೋಮೀಟರ್ ವೇಗದ ವಾಹನ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಕ್ರಮಿಸುತ್ತದೆ. ಎರಡು ಸೆಕೆಂಡು ಮೊಬೈಲಿನ ಪರದೆಯತ್ತ ನೋಡಿದರೆ 33 ಮೀಟರ್ ದಾರಿಯನ್ನು ಕಣ್ಣು ಮುಚ್ಚಿ ಸಾಗಿದಂತೆ. ಅಷ್ಟರಲ್ಲಿ ಒಂದು ದನ ಅಡ್ಡ ಬರಬಹುದು, ಬಸ್ಸಿನ ಮರೆಯಿಂದ ಒಂದು ಮಗು ಓಡಿಬರಬಹುದು, ಗುರುತಿಲ್ಲದ ರಸ್ತೆಯುಬ್ಬು ಎದುರಾಗಬಹುದು.

ಈ ದೃಷ್ಟಿಯಿಂದ ಧ್ವನಿಯ ದಾರಿಸೂಚನೆ ಉಪಕಾರಿಯೇ. ಪರದೆಯನ್ನು ನೋಡುವ ಬದಲು ಕಿವಿಯಿಂದ ತಿಳಿದರೆ ಕಣ್ಣು ರಸ್ತೆಯ ಮೇಲೆಯೇ ಇರುತ್ತದೆ. ಮುಂದೆ ಎಡಕ್ಕೆ ತಿರುಗಿರಿ ಎಂಬ ಮಾತು ಎರಡು ಕ್ಷಣದ್ದು. ಹೇಳಿ ಮುಗಿಸಿ ಅದು ಸುಮ್ಮನಾಗುತ್ತದೆ. ಈಗ ಈ ಸೂಚನೆಗಳನ್ನು ಕನ್ನಡದಲ್ಲಿಯೇ ಕೇಳುವ ಅನುಕೂಲವೂ ಇದೆ. ಮಾತೃಭಾಷೆಯ ಮಾತು ಬೇಗನೆ ಮನಸ್ಸಿಗೆ ಹತ್ತುವುದರಿಂದ ಅದನ್ನೇ ಆರಿಸಿಕೊಳ್ಳುವುದು ಲೇಸು.

ಫೋನ್ ಸಂಭಾಷಣೆಯ ಸಂಗತಿ ಹಾಗಲ್ಲ. ಕೈಯಲ್ಲಿ ಫೋನ್ ಹಿಡಿಯದಿದ್ದರೆ ಸಾಕು, ಮಾತನಾಡಿದರೆ ಚಿಂತೆಯಿಲ್ಲ ಎಂದು ಅನೇಕರು ತಿಳಿದಿದ್ದಾರೆ. ಕೆನಡಾದ ಟೊರಾಂಟೊದಲ್ಲಿ ನಡೆದು 1997ರಲ್ಲಿ ಪ್ರಕಟವಾದ ಪ್ರಸಿದ್ಧ ಅಧ್ಯಯನವೊಂದು, ಫೋನ್ ಬಳಸುವಾಗ ಅಪಘಾತದ ಅಪಾಯ ಸುಮಾರು ನಾಲ್ಕು ಪಟ್ಟಾಗುತ್ತದೆಂದೂ, ಕೈಯಲ್ಲಿ ಹಿಡಿಯದೆ ಮಾತನಾಡುವುದರಿಂದ ಸುರಕ್ಷತೆಯೇನೂ ಹೆಚ್ಚಲಿಲ್ಲವೆಂದೂ ಕಂಡುಕೊಂಡಿತು. ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಸಂಶೋಧಕರು 2001ರ ನಂತರ ನಡೆಸಿದ ಪ್ರಯೋಗಗಳೂ ಇದನ್ನೇ ಸಾರಿದವು. ಸಂಭಾಷಣೆಯಲ್ಲಿ ತೊಡಗಿದ ಚಾಲಕನ ಕಣ್ಣು ವಸ್ತುವಿನ ಮೇಲೆ ಬಿದ್ದರೂ ಮನಸ್ಸು ಅದನ್ನು ಗ್ರಹಿಸುವುದಿಲ್ಲ. ಈ ಅಧ್ಯಯನಗಳು ಕಾರು ಚಾಲಕರ ಕುರಿತಾದವು. ಎರಡೇ ಚಕ್ರಗಳ ಮೇಲೆ ಸಮತೋಲನವನ್ನೂ ಕಾಯಬೇಕಾದ ಸವಾರನಿಗೆ ಇನ್ನೂ ಹೆಚ್ಚಿನ ಎಚ್ಚರ ಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಸಂಗೀತವು ಇವೆರಡರ ನಡುವೆ ನಿಲ್ಲುತ್ತದೆ. ಅದು ಉತ್ತರವನ್ನು ಬೇಡುವುದಿಲ್ಲ, ಆದರೆ ನಿಲ್ಲದೆ ಹರಿಯುತ್ತದೆ, ಹೊರಗಿನ ಸದ್ದುಗಳನ್ನು ಮುಚ್ಚುತ್ತದೆ. ಹಿಂದಿನಿಂದ ಬರುವ ಲಾರಿ ಎಡಕ್ಕಿದೆಯೋ ಬಲಕ್ಕಿದೆಯೋ ಎಂಬುದನ್ನು ಮಿದುಳು ಎರಡು ಕಿವಿಗಳಿಗೆ ಶಬ್ದ ತಲುಪುವ ಅತ್ಯಲ್ಪ ಕಾಲಾಂತರದಿಂದಲೂ ಸದ್ದಿನ ಏರಿಳಿತದಿಂದಲೂ ಅಳೆಯುತ್ತದೆ. ಆ ಅಂತರ ಒಂದು ಸೆಕೆಂಡಿನ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ. ಒಂದು ಕಿವಿಯನ್ನು ಇಯರ್‌ಫೋನಿನಿಂದ ಮುಚ್ಚಿ ಇನ್ನೊಂದನ್ನು ತೆರೆದಿಟ್ಟಿದ್ದೇನೆಂದು ಸಮಾಧಾನಪಡುವವರು ಈ ಅಳತೆಗೋಲನ್ನೇ ಮುರಿದುಕೊಂಡಿರುತ್ತಾರೆ. ಅವರಿಗೆ ಹಾರನ್ ಕೇಳಿಸುತ್ತದೆ, ಎತ್ತಲಿಂದ ಎಂಬುದು ತಿಳಿಯುವುದಿಲ್ಲ.

ಇಲ್ಲಿ ಭಕ್ತರು ಕೇಳಬಹುದಾದ ಪ್ರಶ್ನೆಯೊಂದಿದೆ: ಸಿನಿಮಾ ಹಾಡು ಬೇಡ, ವಚನಗಾಯನವನ್ನೋ ಪೂಜ್ಯರ ಪ್ರವಚನವನ್ನೋ ಕೇಳುತ್ತ ಹೋದರೆ ತಪ್ಪೇನು? ಭಾವ ಶುದ್ಧವಾದುದೇ. ಆದರೆ ಶಬ್ದದ ಒತ್ತಡವನ್ನು ಸಹಿಸುವಾಗ ಒಳಗಿವಿಯ ಎಳೆಗಳು ವಚನವಾವುದು, ಗದ್ದಲವಾವುದು ಎಂದು ಭೇದವೆಣಿಸುವುದಿಲ್ಲ. ಪ್ರವಚನವಂತೂ ಅರ್ಥವನ್ನು ಹಿಂಬಾಲಿಸಿ ಕೇಳಬೇಕಾದುದು. ಮನಸ್ಸನ್ನು ಒಳಕ್ಕೆ ಸೆಳೆಯುವುದೇ ಅದರ ಗುಣ. ಮನಸ್ಸು ಒಳಕ್ಕೆ ಹೋದರೆ ರಸ್ತೆಯನ್ನು ನೋಡುವವರು ಯಾರು? ಅರ್ಧ ಮನಸ್ಸಿನಿಂದ ಕೇಳಿದ ವಚನಕ್ಕೂ ಅರ್ಧ ಮನಸ್ಸಿನಿಂದ ನಡೆಸಿದ ವಾಹನಕ್ಕೂ ನ್ಯಾಯ ದೊರೆಯದು. ವಚನವನ್ನು ಮನೆಯಲ್ಲಿ, ಮಠದಲ್ಲಿ, ದಾರಿಯ ನೆರಳಲ್ಲಿ ಕುಳಿತು ಕೇಳೋಣ. ಸವಾರಿಯ ಹೊತ್ತಿನಲ್ಲಿ ಸವಾರಿಯೇ ಕಾಯಕ.

ಕವಚವನ್ನು ಕೆಡಿಸದಿರಿ

ನಮ್ಮ ದೇಶದಲ್ಲಿ 2022ರಲ್ಲಿ ರಸ್ತೆ ಅಪಘಾತಗಳಿಂದ 1,68,491 ಜನ ಪ್ರಾಣ ಕಳೆದುಕೊಂಡರೆಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಅವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನಗಳ ಮೇಲಿದ್ದವರು. ಹೆಲ್ಮೆಟ್ ಧಾರಣೆಯು ಸಾವಿನ ಸಂಭವವನ್ನು ಸುಮಾರು ಶೇ. 42ರಷ್ಟೂ ತಲೆಯ ಗಾಯದ ಸಂಭವವನ್ನು ಸುಮಾರು ಶೇ. 69ರಷ್ಟೂ ತಗ್ಗಿಸುತ್ತದೆಂದು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ ಪರಿಶೀಲನೆ ತೋರಿಸಿದೆ. ಇಂಥ ರಕ್ಷೆಯನ್ನು ಹೆಡ್‌ಸೆಟ್ಟಿಗಾಗಿ ಕೆಡಿಸಿಕೊಳ್ಳಬಾರದು.

ಹೆಲ್ಮೆಟ್ಟಿನ ಹೊರಚಿಪ್ಪಿನ ಒಳಗೆ ಬಿಳಿಯ ಗಟ್ಟಿ ನೊರೆಯಂಥ ಪದರವೊಂದಿರುತ್ತದೆ. ಪೆಟ್ಟು ಬಿದ್ದಾಗ ತಾನು ನಜ್ಜುಗುಜ್ಜಾಗಿ ತಲೆಬುರುಡೆಯನ್ನು ಉಳಿಸುವುದು ಅದೇ. ಧ್ವನಿವರ್ಧಕಕ್ಕೆ ಜಾಗ ಮಾಡಲೆಂದು ಆ ಪದರವನ್ನು ಕೊರೆಯುವುದಾಗಲಿ, ಹೊರಚಿಪ್ಪಿಗೆ ರಂಧ್ರ ಮಾಡುವುದಾಗಲಿ ಸರ್ವಥಾ ಸಲ್ಲದು. ಕಿವಿಗಳಿಗೆಂದೇ ಗುಳಿ ಇರುವ ಹೆಲ್ಮೆಟ್ಟನ್ನು ಆರಿಸಿ, ಬಟ್ಟೆಯ ಮೆತ್ತೆಯ ಹಿಂದೆ ಧ್ವನಿವರ್ಧಕವನ್ನು ಕೂರಿಸಬೇಕು. ಅದು ಕಿವಿಯ ರಂಧ್ರಕ್ಕೆ ಸರಿನೇರವಾಗಿರುವುದು ಮುಖ್ಯ. ಒಂದೆರಡು ಸೆಂಟಿಮೀಟರ್ ಸರಿದರೂ ಸದ್ದು ಬಹಳ ಕುಗ್ಗಿ, ಸವಾರ ಅನಗತ್ಯವಾಗಿ ಅದನ್ನು ಏರಿಸುವಂತಾಗುತ್ತದೆ. ಹೆಲ್ಮೆಟ್ಟಿನ ಮೇಲೆ ಐಎಸ್‌ಐ ಮುದ್ರೆಯೂ ಐಎಸ್ 4151 ಎಂಬ ಸಂಖ್ಯೆಯೂ ಇರಲಿ. ಬ್ಯಾಟರಿಯಿರುವ ಹೆಲ್ಮೆಟ್ಟನ್ನು ಸುಡುಬಿಸಿಲಿನಲ್ಲಿ ಬೈಕಿನ ಮೇಲೆ ಬಿಟ್ಟುಹೋಗಬಾರದು.

ಕಿವಿಯೊಳಗೆ ಸಿಕ್ಕಿಸುವ ಇಯರ್‌ಫೋನುಗಳನ್ನು ಹೆಲ್ಮೆಟ್ಟಿನಡಿ ಗಂಟೆಗಟ್ಟಲೆ ಧರಿಸುವುದರಿಂದ ಬೆವರು ಒಳಗೇ ನಿಂತು ಕಿವಿನಾಳದ ಚರ್ಮ ಮೆತ್ತಗಾಗುತ್ತದೆ. ಮಲೆನಾಡು ಕರಾವಳಿಗಳ ಮಳೆಗಾಲದ ತೇವದಲ್ಲಿ ಬೂಷ್ಟಿನ ಸೋಂಕಿಗೂ ತುರಿಕೆಗೂ ಇದು ದಾರಿ. ಅದಕ್ಕೆ ಕಾಯಿಸಿದ ಎಣ್ಣೆ ಹಾಕುವುದು, ಕಡ್ಡಿಯಿಂದ ಕೆರೆಯುವುದು ರೋಗವನ್ನು ಹೆಚ್ಚಿಸುತ್ತದೆ.

ಕಾನೂನಿನ ಮಾತು

ವಾಹನ ನಡೆಸುವಾಗ ಕೈಯಲ್ಲಿ ಹಿಡಿದ ಸಂಪರ್ಕ ಸಾಧನವನ್ನು ಬಳಸುವುದನ್ನು ಮೋಟಾರು ವಾಹನ ಕಾಯ್ದೆಯ 184ನೆಯ ಕಲಮು ಅಪಾಯಕಾರಿ ಚಾಲನೆಯೆಂದು ಪರಿಗಣಿಸುತ್ತದೆ. 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿ ನಿಯಮದಂತೆ, ಚಾಲಕನ ಏಕಾಗ್ರತೆಗೆ ಭಂಗ ಬಾರದ ರೀತಿಯಲ್ಲಿ ದಾರಿ ತಿಳಿಯಲು ಮಾತ್ರ ಇಂಥ ಸಾಧನವನ್ನು ಬಳಸಬಹುದು. ದಾರಿಸೂಚನೆಗೆ ಅವಕಾಶ, ಏಕಾಗ್ರತೆಗೆ ಆದ್ಯತೆ ಎಂಬ ಈ ವಿವೇಕವು ಮೇಲೆ ಹೇಳಿದ ವಿಚಾರಕ್ಕೆ ಒಪ್ಪುವಂತಿದೆ. ದಾರಿಸೂಚಕದಲ್ಲಿ ದ್ವಿಚಕ್ರ ವಾಹನದ ಆಯ್ಕೆಯನ್ನು ಒತ್ತುವುದನ್ನೂ ಮರೆಯಬಾರದು. ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕುಗಳಿಗೆ ಪ್ರವೇಶವಿಲ್ಲ. ಕಾರಿನ ದಾರಿಯನ್ನು ಹೇಳುವ ಯಂತ್ರ ಸವಾರನನ್ನು ಅಲ್ಲಿಗೇ ಕರೆದೊಯ್ಯಬಹುದು.

ಪಾಲಿಸಬೇಕಾದ ನಿಯಮಗಳು

1. ಹೊರಡುವ ಮುನ್ನ ಮನೆಯಲ್ಲಿಯೇ ಸಾಧನಗಳನ್ನು ಜೋಡಿಸಿ, ಗಮ್ಯಸ್ಥಾನವನ್ನು ನಮೂದಿಸಿ, ದಾರಿಯನ್ನು ಒಮ್ಮೆ ಪೂರ್ತಿಯಾಗಿ ನೋಡಿಕೊಳ್ಳಿರಿ.

2. ಹೆಡ್‌ಸೆಟ್ಟನ್ನು ದಾರಿಸೂಚನೆಗೆ ಮಾತ್ರ ಮೀಸಲಿಡಿರಿ. ಸದ್ದನ್ನು ನಿಂತಿರುವಾಗಲೇ ಹೊಂದಿಸಿ; ವೇಗದಲ್ಲಿ ಅದು ಕೇಳಿಸದಿದ್ದರೆ ಸದ್ದನ್ನು ಏರಿಸದೆ ವೇಗವನ್ನು ಇಳಿಸಿರಿ.

3. ಸಂಗೀತ ಕೇಳಲೇಬೇಕೆನಿಸಿದರೆ ವಿಶ್ರಾಂತಿಯ ತಾಣದಲ್ಲಿ ಕೇಳಿರಿ. ಪೇಟೆ, ಜಾತ್ರೆಯ ಬೀದಿ, ಶಾಲೆಯ ಆವರಣ, ಮಳೆ, ರಾತ್ರಿ, ಘಟ್ಟದ ತಿರುವುಗಳಲ್ಲಿ ಅದು ಖಂಡಿತ ಬೇಡ.

4. ಕರೆ ಬಂದರೆ ಸುರಕ್ಷಿತ ಸ್ಥಳದಲ್ಲಿ ವಾಹನ ನಿಲ್ಲಿಸಿ ಮಾತನಾಡಿರಿ. ಮನೆಯವರೂ ಸವಾರಿಯಲ್ಲಿರುವವರಿಗೆ ಮೇಲಿಂದ ಮೇಲೆ ಕರೆ ಮಾಡದಿರಲಿ.

5. ಪ್ರತಿ ಗಂಟೆಗೊಮ್ಮೆ ಹತ್ತು ನಿಮಿಷ ಹೆಲ್ಮೆಟ್ ತೆಗೆದು ಕಿವಿಗೆ ಮೌನವನ್ನು ಕೊಡಿರಿ. ಹೆದ್ದಾರಿಯ ದೀರ್ಘ ಪ್ರಯಾಣ ಮಾಡುವವರು ಗಾಳಿಯ ಸದ್ದನ್ನು ತಗ್ಗಿಸುವ ಮೆತ್ತನೆಯ ಕಿವಿಬಿರಡೆಗಳ ಬಗ್ಗೆ ವೈದ್ಯರ ಸಲಹೆ ಪಡೆಯಬಹುದು.

6. ದಿನವಿಡೀ ಸವಾರಿ ಮಾಡುವ ಕಾಯಕದವರು ವರ್ಷಕ್ಕೊಮ್ಮೆ ಶ್ರವಣ ಪರೀಕ್ಷೆ ಮಾಡಿಸಿಕೊಳ್ಳಿರಿ. ನೋವಿಲ್ಲದ, ಅಲ್ಪ ಕಾಲದ ಪರೀಕ್ಷೆಯಿದು. ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಗೊಂಡ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ಕ್ಷೇತ್ರದಲ್ಲಿ ದೇಶಕ್ಕೇ ಹೆಸರಾದುದು.

7. ಕಿವಿಮೊರೆತ ಒಂದೆರಡು ದಿನವಾದರೂ ನಿಲ್ಲದಿದ್ದರೆ ಕಿವಿ, ಮೂಗು, ಗಂಟಲು ತಜ್ಞರನ್ನು ಕಾಣಿರಿ. ಇದ್ದಕ್ಕಿದ್ದಂತೆ ಒಂದು ಕಿವಿ ಕೇಳಿಸದಂತಾದರೆ ಅದೇ ದಿನ ಆಸ್ಪತ್ರೆಗೆ ಹೋಗಿರಿ. ಆ ಚಿಕಿತ್ಸೆಯಲ್ಲಿ ತಡವಾದಷ್ಟೂ ಫಲ ಕಡಿಮೆ.

ಕಾಯಕಕ್ಕೆ ನೆರವಾಗುವ ಯಾವ ಸಾಧನವನ್ನೂ ಶರಣಮಾರ್ಗ ಹಳಿಯುವುದಿಲ್ಲ. ಆದರೆ ಪ್ರಸಾದವನ್ನು ಬೇಕಾದಷ್ಟೇ ನೀಡಿಸಿಕೊಂಡು, ಕೆಡಿಸದೆ ಸ್ವೀಕರಿಸುವುದು ನಮ್ಮ ಶಿಸ್ತು. ಎಲೆಯ ಮೇಲಿನ ಅನ್ನಕ್ಕೆ ಸಲ್ಲುವ ಈ ಶಿಸ್ತು ಕಿವಿಗೆ ಬೀಳುವ ಶಬ್ದಕ್ಕೂ ಸಲ್ಲಬೇಕು. ದಾರಿ ತಿಳಿಯಲು ಬೇಕಾದಷ್ಟು ಮಾತು ಸಾಕು. ಉಳಿದ ಹೊತ್ತು ಕಿವಿ ದಾರಿಗೂ, ದಾರಿಯಲ್ಲಿ ನಡೆಯುವ ಇತರ ಜೀವಗಳಿಗೂ ತೆರೆದಿರಲಿ. ಮನೆಯಲ್ಲಿ ಕಾದಿರುವವರ ದನಿಯನ್ನು ಮುಪ್ಪಿನವರೆಗೂ ಸ್ಪಷ್ಟವಾಗಿ ಕೇಳುವ ಭಾಗ್ಯ ಸದ್ಭಕ್ತರೆಲ್ಲರಿಗೂ ದೊರೆಯಲಿ.